ನಾಸ್ತಿಕನ ಜಾಮೀನು

...ಅಥವಾ ಅದು ಕಿರುಬೆರಳಾಗಿರಲಿಲ್ಲವೇನೋ. ಆದರೂ ನನ್ನ ನೆನಪಿನಲ್ಲಿ ಸಾಮುವೇಲಪ್ಪನವರು ಯಾವಾಗಲೂ ಕಿರುಬೆರಳಿನಿಂದಲೇ ಮೊಬೈಲಿನಲ್ಲಿ ಟೈಪ್ ಮಾಡುತ್ತಾರೆ. ಉಳಿದ ಬೆರಳುಗಳಿಗೆಲ್ಲ ವಾರ್ನಿಷ್ ಮೆತ್ತಿರುತ್ತದೆ. ಮಸ್ಕಿಯಲ್ಲಿ ಅವರದು ಸುಟ್ಟ ಪಂಪ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಅಲ್ಲಿಂದ ಅವರು ದೇವರಿದ್ದಾನೆ ಎನ್ನುತ್ತಿದ್ದರು. ಬಳಗಾನೂರಿನ ಶಾಲೆಯಲ್ಲಿ ಮೇಷ್ಟರಾಗಿದ್ದ ನಾನು ಇಲ್ಲ ಎನ್ನುತ್ತಿದ್ದೆ.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಿಂಧನೂರಿನ ನಾಲ್ಕಾರು ನಾಸ್ತಿಕರೂ ಸಾಮುವೇಲಪ್ಪನವರ ಚರ್ಚಿನವರೂ ಇದ್ದೆವು. ಬೈಗುಳ ಮಿತಿಮೀರಿದಾಗ ಅವರೇ ಒಂದು ನಿಯಮ ತಂದರು. ಎದುರಿನವನ ವಾದವನ್ನು ಮೊದಲು ನಾವೇ ಬರೆಯಬೇಕು. ಅವನು "ಹೌದ್ರೀ" ಎಂದ ಮೇಲಷ್ಟೇ ನಮ್ಮ ಉತ್ತರ.

"ಹಳೇ ಕಾಯಿಲ್‌ನಾಗ ಎಷ್ಟು ಸುತ್ತು ಅದಾವ ಅಂತ ಎಣಿಸದ ಹೊಸಾದು ಸುತ್ತಾಕ ಬರ್ತದೇನ್ರೀ ಸರ?" ಎಂದಿದ್ದರು.

ಒಮ್ಮೆ ನನ್ನ ವಾದವನ್ನು ಅವರು ಎಷ್ಟು ಚೆನ್ನಾಗಿ ಬರೆದರೆಂದರೆ ನನಗೇ ನಾಚಿಕೆಯಾಯಿತು. ದೇವರಿಲ್ಲ ಎನ್ನಲು ಅವರು ಕೊಟ್ಟ ಕೊನೆಯ ಕಾರಣ ಮಾತ್ರ ನಾನೆಂದೂ ಹೇಳಿದ್ದಲ್ಲ: "ಜ್ವರದ ಕೂಸನ್ನ ಹೆಗಲಿಗೆ ಹಾಕ್ಕೊಂಡು ಬೇಡಿದೆ. ಮ್ಯಾಲೆ ಯಾರೂ ಇರಲಿಲ್ಲ."

ಅಂದೇ, ನಾನು ಉತ್ತರಿಸುವ ಮೊದಲೇ, ನನ್ನ ಫೋನು ಬಕೆಟ್ಟಿಗೆ ಬಿದ್ದು ಎರಡು ದಿನ ರಿಪೇರಿಗೆ ಹೋಯಿತು. ನನ್ನ "ಹೌದ್ರೀ" ಬಾರದೆ ಅವರು ಉತ್ತರ ಬರೆಯಲಿಲ್ಲ. ನಿಯಮವೆಂದರೆ ನಿಯಮ. ದೇವರಿಲ್ಲವೆಂಬ ಮಾತು ಅವರ ಹೆಸರಿನಲ್ಲಿ ಎರಡು ದಿನ ಹಾಗೇ ನಿಂತಿತು. ಸಿಂಧನೂರಿನ ಗೆಳೆಯರು ಅದನ್ನು ಊರೆಲ್ಲ ಹಂಚಿ ಅಭಿನಂದಿಸಿದರು. ಗುಂಪಿನಲ್ಲಿಲ್ಲದ, ನಿಯಮ ತಿಳಿಯದ ಚರ್ಚಿನ ಹಿರಿಯರು, ಭಾನುವಾರ ನೀವು ಬೈಬಲ್ ಪಾಠ ಓದುವುದು ಬೇಡ ಎಂದರು.

ಆ ಓದು ಬಿಟ್ಟರೆ ಅವರಿಗೆ ವಾರವೇ ಇರಲಿಲ್ಲ. ನಾನು ಅಂಗಡಿಗೆ ಹೋದಾಗ ಮೋಟಾರೊಂದನ್ನು ಬಿಚ್ಚಿ ಸುಮ್ಮನೆ ನೋಡುತ್ತ ಕೂತಿದ್ದರು. "ಶನಿವಾರ ಗಂಟ್ಲಾ ಸರಿಮಾಡ್ಕೊಂಡು ಪಾಠಕ್ಕ ಕುಂದರ್ತಿದ್ನಿರೀ ಸರ. ಈಗ ಏನ್ ಮಾಡ್ಬೇಕು?"

ಹೀಗೆ ನಾಸ್ತಿಕನೊಬ್ಬ ಆಸ್ತಿಕನಿಗೆ ಜಾಮೀನು ಕೊಡಲು ಚರ್ಚಿಗೆ ಹೋದ. ಮೂವರು ಹಿರಿಯರಿದ್ದರೆಂದು ನೆನಪು, ಐವರೂ ಇರಬಹುದು.

"ಬೈಬಲ್ ಮುಟ್ಟಿ ಹೇಳ್ರಿ," ಎಂದರು ದೊಡ್ಡ ಹಿರಿಯರು.

"ನನಗ ನಂಬಿಕಿ ಇಲ್ರೀ. ಮುಟ್ಟಿದ್ರ ಅದ ಸುಳ್ಳಾಗ್ತದ."

"ಮುಟ್ಟದಿದ್ರ ನಿಮ್ಮ ಸಾಕ್ಷಿ ಹೆಂಗ ನಂಬೋದ್ರೀ?"

ಹಿರಿಯರಲ್ಲೇ ಒಬ್ಬರಾದ ಮಾರ್ಥಮ್ಮ ಬೇಸತ್ತು, "ಬಿಡ್ರೋ, ಅಂವ ಸುಳ್ಳು ಹೇಳಿ ಏನ್ ಗಳಿಸ್ತಾನ? ಸ್ವರ್ಗಾನ ಬ್ಯಾಡಂತ ಕುಂತಾನ," ಎಂದರು.

ದೊಡ್ಡ ಹಿರಿಯರು ಮೊಬೈಲು ತೆಗೆದು ಆ ಕೂಸಿನ ಸಾಲನ್ನು ಓದಿದರು. "ಇದು ಯಾರ ಮಾತು?"

ಸಾಮುವೇಲಪ್ಪನವರು ಕೆಳಗೆ ನೋಡುತ್ತಿದ್ದರು.

"ನಂದು," ಎಂದೆ.

"ನಿಮಗ ಮಕ್ಕಳೆಷ್ಟು?"

"ಮದುವಿ ಆಗಿಲ್ರೀ."

ಇಲ್ಲಿ ಫ್ಯಾನಿನ ಸದ್ದು ಕೇಳಿಸಿತು ಎಂದು ಬರೆಯಬಹುದು, ಆದರೆ ಅಲ್ಲಿ ಫ್ಯಾನಿತ್ತೇ ಎಂಬುದು ಖಾತ್ರಿಯಿಲ್ಲ.

"ವಾದಕ್ಕಂತ ಹುಟ್ಟಿಸಿದ ಕೂಸುರೀ," ಎಂದೆ. ಮಾರ್ಥಮ್ಮ ನನ್ನನ್ನು ಬಹಳ ಹೊತ್ತು ನೋಡಿದರು. ಮುಂದಿನ ಭಾನುವಾರ ಸಾಮುವೇಲಪ್ಪನವರು ಮತ್ತೆ ಪಾಠ ಓದಿದರು. ಇತ್ತ ಸಿಂಧನೂರಿನ ಗೆಳೆಯರು, ಚರ್ಚಿಗೆ ಹೋಗಿ ಬಂದೆನೆಂದು, ನಾನು ಇನ್ನೂ ನಾಸ್ತಿಕನೇ ಎಂಬುದಕ್ಕೆ ಸಾಕ್ಷಿ ಕೇಳಿದರು. ಸಾಮುವೇಲಪ್ಪನವರೇ ನನ್ನ ಪರವಾಗಿ ಬರೆದರು: "ಸರ್ ಅಪ್ಪಟ ನಾಸ್ತಿಕರು. ನಾನು ಜವಾಬ್ದಾರಿ."

ಅವರನ್ನು ಕೊನೆಯದಾಗಿ ನೋಡಿದ್ದು ಮಸ್ಕಿ ಬಸ್ ನಿಲ್ದಾಣದಲ್ಲಿ. ಕಾಯಿಲೆಯಾಗಿ, ಲಿಂಗಸುಗೂರಿನ ತಂಗಿಯ ಮನೆಗೆ ಹೊರಟಿದ್ದರು. ಕೇಳಿಯೇಬಿಟ್ಟೆ: "ಆ ಸಾಲು ಯಾರದ್ರೀ?"

ನಕ್ಕರು. "ಎಲ್ಲಾರ ಮುಂದ ನಂದು ಅಂದವ್ರು ನೀವ ಅಲ್ಲೇನ್ರೀ? ಈಗ ನನ್ನ ಯಾಕ ಕೇಳ್ತೀರಿ ಸರ?"

ಬಸ್ಸು ಬಂತು. ತಿಂಗಳೊಪ್ಪತ್ತಿನಲ್ಲಿ ಅವರು ತೀರಿಕೊಂಡ ಸುದ್ದಿ ಗುಂಪಿನಲ್ಲಿ ಬಂತು. ಅವರಿಗೊಂದು ಕೂಸಿತ್ತೇ? ತಂಗಿಯನ್ನು ಕೇಳಬಹುದಿತ್ತು, ಕೇಳಲಿಲ್ಲ. ಇವರು ನಂಬುವವರು ಎಂದು ಅಷ್ಟು ಜನರ ಮುಂದೆ ಹೇಳಿ ಬಂದೆ. ನಂಬಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.