ಕೂಸಪ್ಪನ ಸಿಗ್ನಲಿಗೆ ಅಡ್ಡ ಬಂದವರು

ವಿಟ್ಲದ ಕಡೆ ಕೇಬಲ್ ಟಿವಿ ನಡೆಸುತ್ತಿದ್ದ ಕೂಸಪ್ಪನಿಗೆ ತನ್ನ ನೆರಳಿನ ಮೇಲೂ ಗುಮಾನಿ. ಅದಕ್ಕಾಗಿ ಅವನನ್ನು ಬೈದು ಫಲವಿಲ್ಲ. ಎಷ್ಟೋ ವರ್ಷ ಜನ ಅವನ ವಯರಿಗೆ ಗುಂಡುಸೂಜಿ ಚುಚ್ಚಿ ಪುಕ್ಕಟೆ ಧಾರಾವಾಹಿ ನೋಡಿದ್ದರು. ಚಿತ್ರ ಹೋಯಿತೆಂದರೆ ಮೊದಲು ಮನುಷ್ಯನನ್ನು ನೋಡು, ಆಮೇಲೆ ವಯರನ್ನು ನೋಡು ಎಂಬುದು ಅವನ ಕಸುಬಿನ ಪಾಠವಾಗಿತ್ತು.

ಕೇಬಲಿಗೆ ಗಿರಾಕಿಗಳು ಕಡಿಮೆಯಾದ ಮೇಲೆ ಅವನು ಇಂಟರ್‌ನೆಟ್ಟಿಗೆ ಕೈಹಾಕಿದ. ಎದುರು ಗುಡ್ಡದ ಮನೆಗಳಿಗೆ ವಯರಿಲ್ಲದ ಮೈಕ್ರೋವೇವ್ ಲಿಂಕ್. ತನ್ನ ತಾರಸಿಯಲ್ಲೊಂದು ಡಿಶ್, ಗುಡ್ಡದಲ್ಲೊಂದು ಡಿಶ್. ಎರಡೂ ಮುಖಾಮುಖಿ ಕಾಣುತ್ತಿರಬೇಕು, ಅಷ್ಟೆ. ಗುಡ್ಡದ ತುದಿಯ ಬೋಳು ಬಯಲು, ಭೋಜ ಶೆಟ್ಟರ ಪದವಿನಲ್ಲಿ ಕಂಬ ನೆಟ್ಟಿದ್ದರೆ ನಡುವೆ ಒಂದು ಹುಲ್ಲುಕಡ್ಡಿಯೂ ಅಡ್ಡ ಬರುತ್ತಿರಲಿಲ್ಲ. ಆದರೆ ನಾಳೆ ಶೆಟ್ಟರು ಕಂಬ ಕಿತ್ತು ಬಿಸಾಡಿದರೆ? ಕೂಸಪ್ಪ ನಂಬುತ್ತಿದ್ದುದು ಒಬ್ಬನನ್ನೇ, ಶಾಲೆಯಲ್ಲಿ ಜೊತೆಗಿದ್ದ ಇಬ್ರಾಹಿಮನನ್ನು. ಅದೇ ಗುಡ್ಡದಲ್ಲಿದ್ದ ಅವನ ಮನೆಯ ನೀರಿನ ಟ್ಯಾಂಕಿನ ಮೇಲೆ ಡಿಶ್ ಇಡುವುದೆಂದಾಯಿತು.

"ನಡುವೆ ಇರುವುದು ನನ್ನದೇ ರಬ್ಬರ್ ತೋಟ. ಯಾರ ಹಂಗೂ ಬೇಡ," ಎಂದ ಕೂಸಪ್ಪ.

ಆಗ ಫೆಬ್ರವರಿ. ರಬ್ಬರ್ ಮರಗಳು ಎಲೆ ಉದುರಿಸಿ ಬೋಳಾಗಿದ್ದವು. ಟ್ಯಾಂಕಿನ ಮೇಲೆ ನಿಂತು ಇಬ್ರಾಹಿಂ ಹೆಗಲ ಮೇಲಿನ ಕೆಂಪು ಬೈರಾಸು ಬೀಸಿದ್ದು ಕೊಂಬೆಗಳ ಸಂದಿಯಲ್ಲಿ ಸ್ಪಷ್ಟವಾಗಿ ಕಂಡಿತು. ಅಂದು ಸಂಜೆಯೇ ಇಬ್ರಾಹಿಮನ ತಾಯಿ ಅವ್ವಮ್ಮ ಸೌದಿಯ ದಮಾಮಿನಲ್ಲಿದ್ದ ಮೊಮ್ಮಗ ಫಾಝಿಲನ ಮುಖವನ್ನು ಫೋನಿನಲ್ಲಿ ಕಣ್ತುಂಬ ನೋಡಿದರು.

ಏಪ್ರಿಲ್ ಹೊತ್ತಿಗೆ ಸಿಗ್ನಲ್ ಸೊರಗಿತು. ಮೊದಲ ಮಳೆ ಬಿದ್ದದ್ದೇ ತಡ, ಸತ್ತೇ ಹೋಯಿತು. ಕೂಸಪ್ಪ ತಾರಸಿ ಹತ್ತಿ ನಟ್ಟು ಬೋಲ್ಟು ತಡವಿದ. ಯಾರೂ ಮುಟ್ಟಿದ ಗುರುತಿಲ್ಲ. ಹಾಗಾದರೆ ಆಚೆ ಬದಿಯವನೇ! ಮೊನ್ನೆ ಪೇಟೆಯಲ್ಲಿ ಇಬ್ರಾಹಿಂ ಬೇರೊಂದು ಕಂಪೆನಿಯ ಹುಡುಗನ ಜೊತೆ ಚಹಾ ಕುಡಿಯುತ್ತಿದ್ದ. ತನ್ನನ್ನು ಕಂಡು ನಕ್ಕಿದ್ದ ಬೇರೆ. ಆ ನಗುವನ್ನು ಎರಡು ದಿನ ಮಗುಚಿ ಮಗುಚಿ ನೋಡಿ ಕೂಸಪ್ಪ ತೀರ್ಪು ಕೊಟ್ಟುಬಿಟ್ಟ.

ಗುಡ್ಡ ಹತ್ತಿದವನು ಇಬ್ರಾಹಿಮನ ಅಂಗಳದಲ್ಲೇ ಶುರುಮಾಡಿದ. "ಡಿಶ್ ತಿರುಗಿಸಿದ್ದು ಯಾರು? ಎಷ್ಟಕ್ಕೆ ಮಾರಿದ್ದೀ ನನ್ನನ್ನು?"

ಅವ್ವಮ್ಮ ಹೊರಗೆ ಬಂದರು. "ಮಗಾ, ಅದನ್ನು ಹಾಳು ಮಾಡಿ ಇವನಿಗೆ ಏನು ಸಿಗ್ತದೆ? ಫಾಝಿಲನ ಮುಖ ನೋಡದೆ ನನ್ನ ಕಣ್ಣು ಬತ್ತಿ ಹೋಗಿ ಉಂಟು."

ಕೂಸಪ್ಪ ಕೇಳಿಸಿಕೊಳ್ಳಲಿಲ್ಲ. "ನನ್ನ ಡಿಶ್ ನಾನು ಕೊಂಡುಹೋಗ್ತೇನೆ," ಎಂದ. ಇಬ್ರಾಹಿಂ ಏಣಿ ತಂದು ಟ್ಯಾಂಕಿಗೆ ಆನಿಸಿ ಹಿಡಿದುಕೊಂಡ.

ಮೇಲೆ ಹತ್ತಿ ನೋಡಿದರೆ ಡಿಶ್ ಇಟ್ಟಲ್ಲೇ ಇತ್ತು, ಕೂದಲೆಳೆಯಷ್ಟೂ ಕದಲಿರಲಿಲ್ಲ. ಅದು ಮುಖ ಮಾಡಿದ್ದ ಕಡೆ ಕೂಸಪ್ಪ ತನ್ನ ತಾರಸಿಯನ್ನು ಹುಡುಕಿದ. ತಾರಸಿ ಇರಲಿಲ್ಲ. ಅವನೇ ನೆಟ್ಟು ಬೆಳೆಸಿದ ರಬ್ಬರ್, ಮಳೆನೀರು ಕುಡಿದ ಎಲೆಗಳ ಹಸಿರು ಗೋಡೆಯಾಗಿ ನಿಂತಿತ್ತು. ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲನೆ ಜೇಬಿಗೆ ಇಳಿಸಿದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಇಬ್ರಾಹಿಂ," ಎಂದ ಮೇಲಿನಿಂದಲೇ, "ಅಡ್ಡ ಇರುವುದು ನನ್ನದೇ ಮರ ಮಾರಾಯ."

"ಗೊತ್ತುಂಟು. ಮೊನ್ನೆ ಟ್ಯಾಂಕ್ ತೊಳೆಯುವಾಗ ಕಂಡೆ."

"ಮತ್ತೆ ಹೇಳಲಿಲ್ಲ ಯಾಕೆ?"

ಇಬ್ರಾಹಿಂ ಏಣಿ ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಹೇಳಿದ್ರೆ ನೀನು ನಂಬ್ತಿದ್ದಿಯಾ?"