ಜೋಡಿಗೆ ಒಂದೇ ಕವಡಿ

ಅಕ್ಕ ತೀರಿಕೊಂಡ ಮೇಲೆ ಅವಳ ಮನೆಯಿಂದ ನನಗೆ ಬಂದದ್ದು ಒಂದು ಇಳಕಲ್ ಸೀರೆ, ನಾಲ್ಕು ಕವಡಿ. ಸೀರೆಯನ್ನು ನಾನೇ ಕೇಳಿ ತೆಗೆದುಕೊಂಡೆ. ಕವಡಿಗಳನ್ನು ಅವಳ ಮಗಳು ತಂದು ಕೈಗೆ ಹಾಕಿದಳು. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗಳನ್ನು ಇಡುವ ಮರದ ಡಬ್ಬಿಯಲ್ಲಿ ಅವು ಇದ್ದವಂತೆ.

"ಚಿಗವ್ವಾ, ಇವು ಆ ಡಬ್ಬಿಯೊಳಗ ಯಾಕ ಇದ್ವು? ಅವ್ವ ಚೌಕಾಬಾರ ಆಡಿದ್ದು ನಾ ಒಮ್ಮೆನೂ ನೋಡಿಲ್ಲ" ಎಂದು ಕೇಳಿದಳು.

ಅವತ್ತು ಮನೆ ತುಂಬ ಜನ. ಬಾಯಿ ತೆರೆದರೆ ಅಳು ಬರುತ್ತಿತ್ತು. ಕವಡಿಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಅವಳಿಗೆ ಹೇಳಬೇಕಾದದ್ದನ್ನು ಈಗ ದಿನಕ್ಕೆ ಇಷ್ಟಿಷ್ಟು ಬರೆಯುತ್ತಿದ್ದೇನೆ. ಬರೆಯುವ ಹೊತ್ತಿನಲ್ಲಿ ಅಕ್ಕ ಪಕ್ಕದ ಕೋಣೆಯಲ್ಲಿ ಇದ್ದಾಳೆ ಅನ್ನಿಸುತ್ತದೆ. ಎದ್ದಾಗ ಇರುವುದಿಲ್ಲ.

ಅರವತ್ತರ ದಶಕದ ಮಾತು. ನಮ್ಮ ಮನೆ ಆಗ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿತ್ತು. ಅಪ್ಪ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಮುಗಿಸಿ ಸಾಲೆ ಬಿಟ್ಟೆ; ಪುಸ್ತಕಕ್ಕಿಂತ ಒಲೆಯ ಮುಂದಿನ ಕೆಲಸವೇ ನನಗೆ ಸೇರುತ್ತಿತ್ತು. ಅಕ್ಕ ಓದಿದಳು. ಎಂ.ಎಸ್ಸಿ. ಮುಗಿಸಿ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದಳು. ಏನು ಸಂಶೋಧನೆ ಎಂದು ಓಣಿಯವರು ಕೇಳಿದರೆ ಅವ್ವ ಕೊಡುತ್ತಿದ್ದ ಉತ್ತರ ಒಂದೇ: "ಉಳ್ಳಾಗಡ್ಡಿ ಬೇರು ಕತ್ತರಸ್ತಾಳ ನೋಡ್ರಿ."

ಅದು ನಿಜವೂ ಆಗಿತ್ತು. ಅಡುಗೆಮನೆಯ ಕಿಟಕಿಯಲ್ಲಿ ನೀರು ತುಂಬಿದ ಗಾಜಿನ ಲೋಟಗಳ ಸಾಲು. ಪ್ರತಿ ಲೋಟದ ಬಾಯಿಯ ಮೇಲೆ ಒಂದು ಉಳ್ಳಾಗಡ್ಡಿ, ತಳ ಮಾತ್ರ ನೀರಿಗೆ ತಾಗುವ ಹಾಗೆ. ಕೆಲವೇ ದಿನಗಳಲ್ಲಿ ಬಿಳಿ ಬೇರುಗಳು ಗಡ್ಡದ ಹಾಗೆ ಇಳಿಯುತ್ತಿದ್ದವು. ಬೆಳಗಿನ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಅಕ್ಕ ಬ್ಲೇಡಿನಿಂದ ಬೇರಿನ ತುದಿಗಳನ್ನು ಕೊಯ್ದು, ಸಣ್ಣ ಬಾಟಲಿಯ ಔಷಧದಲ್ಲಿ ಹಾಕಿ, ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಧಾರವಾಡದ ಬಸ್ಸು ಹಿಡಿಯುತ್ತಿದ್ದಳು. ಆ ಔಷಧಕ್ಕೆ ಮೂಗಿಗೆ ಹೊಡೆಯುವ ಹುಳಿ ವಾಸನೆ.

"ಪ್ಯಾಟಿಯಿಂದ ಆರಿಸಿ ತಂದ ಗಡ್ಡಿ" ಎಂದು ಅವ್ವ ಗೊಣಗುವಳು. "ಒಗ್ಗರಣಿಗೆ ಅಂದ್ರ ಇಲ್ಲ. ಗ್ಲಾಸಿನ ಮ್ಯಾಲ ಮದುಮಗಳನ್ನ ಕೂಡ್ರಿಸಿದಂಗ ಕೂಡ್ರಿಸ್ಯಾಳ."

"ಬೇರು ಕೊಯ್ದ ಮ್ಯಾಲ ಗಡ್ಡಿ ನಿನಗಽ ಅಲ್ಲೇನವಾ?" ಎಂದು ಅಕ್ಕ ಕೇಳುವಳು.

"ಹೌದವಾ, ಬೋಳಿಸಿದ್ದು ನನಗ!"

ಒಮ್ಮೆ ನನ್ನನ್ನೂ ಧಾರವಾಡಕ್ಕೆ ಕರೆದುಕೊಂಡು ಹೋದಳು. ಬೇರನ್ನು ಮೇಣದಲ್ಲಿ ಹುದುಗಿಸಿ, ಉದ್ದಕ್ಕೆ ಕಾಗದಕ್ಕಿಂತ ತೆಳುವಾಗಿ ಕೊಯ್ದು, ಬಣ್ಣ ಹಾಕಿ ಗಾಜಿನ ಮೇಲೆ ಇಟ್ಟಿದ್ದಳು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರೆ ಮೊದಲು ಕಂಡದ್ದು ನನ್ನದೇ ರೆಪ್ಪೆ. ಅಕ್ಕ ಹಿಂದಿನಿಂದ ಕೈ ಚಾಚಿ ತಿರುಪು ತಿರುಗಿಸಿದಳು. ಆಗ ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದ ಸಾಲುಗಳು ಕಂಡವು. ಒಂದೊಂದು ಇಟ್ಟಿಗೆಯೂ ಒಂದು ಜೀವಕೋಶ. ಹೆಚ್ಚಿನವುಗಳ ನಡುವೆ ಒಂದು ಮಸುಕು ಚುಕ್ಕೆ. ಕೆಲವುಗಳಲ್ಲಿ ಮಾತ್ರ ಚುಕ್ಕೆಯ ಬದಲು ಕೆನ್ನೇರಳೆ ಬಣ್ಣದ ದಾರದ ತುಂಡುಗಳು.

"ದಾರ ಕಾಣತಾವಲ್ಲ, ಅವು ಈಗ ಒಂದು ಹೋಗಿ ಎರಡು ಆಗಾಕತ್ತಾವು" ಎಂದಳು. "ಆ ದಾರದೊಳಗ ಇನ್ನೂ ಸಣ್ಣ ಎಳಿ ಅದಾವು, ಎರಡು ಎಳಿ ಹೊಸೆದ ಹುರಿ ಇದ್ದಂಗ. ಒಡಿಯೂದಕ್ಕಿಂತ ಮೊದಲಽ ಎಳಿ ಬಿಚ್ಚಿ, ಒಂದೊಂದೂ ತನ್ನ ಜೊತಿ ಎಳಿ ತಾನಽ ಕಟ್ಟಿಕೊಂಡಿರತೈತಿ. ಇದು ಜಗತ್ತಿಗೇ ಈಗೀಗ ತಿಳದದ್ದು."

"ಮತ್ತ ನಿನಗ ತಿಳದದ್ದು ಏನು?" ಎಂದೆ, ಕಾಡಿಸಲಿಕ್ಕೆ.

ಅವಳು ನಗಲಿಲ್ಲ. "ಇನ್ನೊಮ್ಮೆ ನೋಡು. ದಾರ ಇದ್ದವು ಹೆಂಗ ಕೂತಾವು?"

ನೋಡಿದೆ. ಎಷ್ಟೋ ಕಡೆ ಎರಡೆರಡು ಪಕ್ಕ ಪಕ್ಕ ಇದ್ದವು.

"ಅವು ಒಂದಽ ಕೋಶದಿಂದ ಹುಟ್ಟಿದ ಅಕ್ಕತಂಗೇರು ಅಂತ ನನಗ ಅನಸ್ತೈತಿ. ಬ್ಯಾರೆ ಆದ ಮ್ಯಾಲೂ ಇಬ್ಬರೂ ಒಂದಽ ವ್ಯಾಳ್ಯಾಕ್ಕ ಒಡೀತಾರ. ಇದನ್ನ ಯಾರೂ ಹೇಳಿಕೊಟ್ಟಿಲ್ಲ ನನಗ. ನಾನಽ ಕಂಡೇನಿ."

ಅವಳ ಮಾರ್ಗದರ್ಶಕರಾದ ಪ್ರೊಫೆಸರರು ಇದನ್ನು ಒಪ್ಪಲಿಲ್ಲ. ಒಳ್ಳೆಯ ಮನುಷ್ಯ, ಮಾತು ಮಾತ್ರ ಬಿಗಿ. "ಸಂತ್ಯಾಗ ಇಬ್ಬರು ಕೂಡೇ ಸೀನಿದ್ರ ಅವರು ಅಣ್ಣತಮ್ಮಂದಿರು ಅಂತೀರೇನು?" ಎಂದರಂತೆ. "ಬರೇ ಆಕಸ್ಮಿಕದಿಂದ ಎಷ್ಟು ಜೋಡಿ ಆಗ್ತಾವ ಅನ್ನೂದನ್ನ ಮೊದಲು ತೋರಸ್ರಿ. ನಿಮ್ಮ ಸ್ಲೈಡಿನ್ಯಾಗ ಅದಕ್ಕಿಂತ ಹೆಚ್ಚು ಇದ್ದರ ನಾ ಒಪ್ತೇನಿ. ಅಷ್ಟಽ ಇದ್ದರ ಈ ಅಧ್ಯಾಯ ಬಿಟ್ಟುಬಿಡ್ರಿ."

ಅವಳ ಪ್ರಬಂಧದ ಉಳಿದ ಅಧ್ಯಾಯಗಳೆಲ್ಲ ಬೇರೆಯವರು ಮಾಡಿದ್ದನ್ನು ಮತ್ತೆ ಮಾಡಿ ನೋಡಿದ್ದು. ತನ್ನದು ಎಂದು ಹೇಳಲಿಕ್ಕೆ ಇದೊಂದೇ ಇತ್ತು. ಇದು ಹೋದರೆ ಸಂಶೋಧನೆಯನ್ನೇ ಬಿಟ್ಟು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವ ಕೆಲಸ ಹಿಡಿಯುತ್ತೇನೆ ಎಂದು ಊಟದ ಹೊತ್ತಿನಲ್ಲಿ ಹೇಳಿದಳು. ಅಪ್ಪ ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿ, "ಮೊದಲ ಅವರು ಹೇಳಿದ್ದು ಮಾಡಿ ನೋಡವಾ" ಎಂದರು.

ಮಾಡುವುದು ಹೇಗೆ? ವಿಭಾಗದಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ ಒಂದಿತ್ತು. ಅದು ಕೂಡಿಸುತ್ತಿತ್ತು, ಗುಣಿಸುತ್ತಿತ್ತು. ಚೀಟಿ ಎತ್ತಿದ ಹಾಗೆ ಆಕಸ್ಮಿಕವನ್ನು ತೋರಿಸಲಿಕ್ಕೆ ಅದಕ್ಕೆ ಬರುತ್ತಿರಲಿಲ್ಲ. ಈಗ ಕಂಪ್ಯೂಟರಿಗೆ ಹೇಳಿದರೆ ಅದು ಬರೇ ಆಕಸ್ಮಿಕದಿಂದ ಒಡೆಯುವ ಬೇರುಗಳನ್ನು ಕಣ್ಣುಮುಚ್ಚಿ ತೆಗೆಯುವುದರೊಳಗೆ ಸಾವಿರಗಟ್ಟಲೆ ಬೆಳೆಸಿ ತೋರಿಸುತ್ತದಂತೆ. ಆಗ ಅಕ್ಕನಿಗೆ ಹೊಳೆದದ್ದು ಅವ್ವನ ಕವಡಿ.

ಅವ್ವನಿಗೆ ಚೌಕಾಬಾರ ಅಂದರೆ ಪ್ರಾಣ. ಮಧ್ಯಾಹ್ನ ಕೆಲಸ ಮುಗಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು, ನೆರೆಮನೆಯವರನ್ನು ಕೂಗಿ ಕರೆದು ಆಡುವಳು. ನಾಲ್ಕು ಕವಡಿ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರಾ. ಎರಡೂ ಅಪರೂಪಕ್ಕೆ ಬೀಳುವಂಥವು. ಒಬ್ಬರದೇ ಎರಡು ಕಾಯಿ ಒಂದು ಮನೆಯಲ್ಲಿ ಸೇರಿದರೆ ಅದು ಜೋಡಿ. ನಮ್ಮ ಮನೆಯ ಆಟದಲ್ಲಿ ಜೋಡಿಯನ್ನು ಒಂಟಿ ಕಾಯಿ ಹೊಡೆಯುವ ಹಾಗಿಲ್ಲ, ಒಂದೇ ಕವಡಿಗೆ, ಅಂದರೆ ಒಂದು ಸಲ ಒಗೆದದ್ದಕ್ಕೇ, ಎರಡೂ ಕೂಡಿ ನಡೆಯುತ್ತವೆ.

ಅಕ್ಕ ಹೇಳಿದ್ದು ಹೀಗೆ. ಹುಣಸೆಬೀಜಗಳನ್ನು ಸಾಲಾಗಿ ಇಡಬೇಕು. ಅದು ಬೇರಿನ ಒಂದು ಸಾಲು, ಒಂದು ಬೀಜ ಒಂದು ಕೋಶ. ಒಂದೊಂದು ಬೀಜಕ್ಕೂ ಬೇರೆ ಬೇರೆಯಾಗಿ ಒಂದೊಂದು ಸಲ ಕವಡಿ ಒಗೆಯಬೇಕು. ಚೌಕವೋ ಬಾರಾವೋ ಬಿದ್ದರೆ ಆ ಬೀಜ ಒಡೆಯಿತು: ಪಕ್ಕದಲ್ಲಿ ಹೊಸ ಬೀಜ ಸೇರಿಸಬೇಕು. ಸುತ್ತು ಮುಗಿದ ಮೇಲೆ ಮತ್ತೆ ಮೊದಲಿನಿಂದ. ಕೊನೆಯ ಸುತ್ತಿನಲ್ಲಿ ಮಾತ್ರ ಹೊಸ ಬೀಜ ಸೇರಿಸದೆ, ಒಡೆದ ಬೀಜಗಳ ಎದುರು ಒಂದೊಂದು ಕೆಂಪು ಗುಲಗಂಜಿ ಇಟ್ಟು ಬಿಡಬೇಕು. ಸಂಜೆ ಅವಳು ಬಂದು, ಗುಲಗಂಜಿ ಎಷ್ಟು ಕಡೆ ಜೋಡಿಯಾಗಿ ಬಿದ್ದಿವೆ ಎಂದು ನೋಡುತ್ತಾಳೆ.

"ತಿಳೀತೇನವಾ?"

"ಕವಡಿ ಒಗಿಯೂದು ನೀ ನನಗ ಕಲಸ್ತಿ?" ಎಂದಳು ಅವ್ವ.

ಆ ದಿನಗಳಲ್ಲಿ ಹತ್ತಿರದ ಸುಳ್ಳ ಎಂಬ ಊರಿನಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಹತ್ತಿ ಬಿಡಿಸುವ ಕೆಲಸ ಬಂತು. ನಾನು ಅಲ್ಲಿಗೆ ಹೋದೆ. ಅವ್ವ ಒಬ್ಬಳೇ ಕೂತು ಮಧ್ಯಾಹ್ನವೆಲ್ಲ ಕವಡಿ ಒಗೆದಳು.

ಹತ್ತಿ ಮುಗಿಸಿ ನಾನು ಮನೆಗೆ ಬಂದಾಗ ಕಿಟಕಿಯಲ್ಲಿ ಲೋಟಗಳು ಇರಲಿಲ್ಲ. ತೊಳೆದು ಬೋರಲು ಹಾಕಿದ್ದರು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು.

"ಸರ್ ಹೇಳಿದ್ದಽ ಖರೇ" ಎಂದಳು. "ಅವ್ವನ ಬೀಜದಾಗೂ ಅಷ್ಟಽ ಜೋಡಿ ಬಿದ್ದಾವು. ಸ್ಲೈಡಿಗೂ ಅದಕ್ಕೂ ಫರಕಽ ಇಲ್ಲ. ಬರೇ ಆಕಸ್ಮಿಕ. ಅಕ್ಕತಂಗೇರು ಇಲ್ಲ, ಏನೂ ಇಲ್ಲ."

"ಅವರಿಗೆ ಹೇಳಿದಿಯೇನು?"

"ಹೇಳಿದೆ. ಇನ್ನೊಂದು ವಾರ ಒಗಿಸಿ, ಆಮೇಲೆ ಬಿಡ್ರಿ ಅಂದ್ರು. ನನಗ ಬ್ಯಾಸರಾಗೇತಿ. ನೀನಽ ಒಗಿ."

ಅವ್ವನಿಗೂ ಬಿಡುವು ಬೇಕಾಗಿತ್ತು. ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸಲು ಕೂತಳು. ಹಾಗಾಗಿ ಮರುದಿನದಿಂದ ನಾನು ಕವಡಿ ಹಿಡಿದೆ. ಆಟದಲ್ಲಿ ನನಗೆ ಅಷ್ಟು ಆಸೆ ಇಲ್ಲ. ಅಕ್ಕ ಹೇಳಿದ ಹಾಗೆ ಒಂದು ಬೀಜಕ್ಕೆ ಒಮ್ಮೆ, ಮುಂದಿನ ಬೀಜಕ್ಕೆ ಇನ್ನೊಮ್ಮೆ ಒಗೆಯುತ್ತ ಹೋದೆ. ಸಂಜೆ ಅಕ್ಕ ಬಂದು ಚಪ್ಪಲಿ ಬಿಟ್ಟು, ನಿಂತಲ್ಲಿಂದಲೇ ಬಗ್ಗಿ ನೋಡಿದಳು. ಆಮೇಲೆ ಕೂತು ನೋಡಿದಳು. ಗುಲಗಂಜಿಗಳು ಅಲ್ಲೊಂದು ಇಲ್ಲೊಂದು ಚದುರಿ ಬಿದ್ದಿದ್ದವು. ಜೋಡಿ ತೀರ ಕಡಿಮೆ.

"ಸರಿಯಾಗಿ ಒಗದೀಯೇನು?"

"ನೀ ಹೇಳಿದಂಗಽ ಒಗದೇನಿ."

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ ಅಷ್ಟೇ. ಅಕ್ಕನ ಮುಖದಲ್ಲಿ ಸಂತೋಷ ಕಾಣಲಿಲ್ಲ, ಸಂಶಯ ಕಂಡಿತು. ಅವೇ ಕವಡಿ, ಅದೇ ನೆಲ. ಅವ್ವನ ಕೈಯಲ್ಲಿ ಒಂದು ಬೇರು, ತಂಗಿಯ ಕೈಯಲ್ಲಿ ಇನ್ನೊಂದು ಬೇರು ಬೆಳೆಯುವುದು ಹೇಗೆ? ಆ ಭಾನುವಾರ ಅವಳು ಧಾರವಾಡಕ್ಕೆ ಹೋಗಲಿಲ್ಲ. ಊಟವಾದ ಮೇಲೆ ಕವಡಿಯನ್ನು ಅವ್ವನ ಕೈಗೆ ಕೊಟ್ಟು, "ಒಗಿ ನೋಡೂಣು" ಎಂದು ಎದುರಿಗೆ ಕೂತಳು.

ಅವ್ವ ಒಗೆದಳು. ಬಾರಾ ಬಿತ್ತು; ಹೊಸ ಬೀಜ ಇಟ್ಟಳು. ಸಾಲು ಮುಗಿಸಿ ಮತ್ತೆ ಮೊದಲಿಗೆ ಬಂದಳು. ಆ ಎರಡು ಬೀಜಗಳ ಹತ್ತಿರ ಬಂದಾಗ ಅವೆರಡನ್ನೂ ಬೆರಳಿನಿಂದ ಹತ್ತಿರ ಸರಿಸಿ ಒಂದೇ ಸಲ ಕವಡಿ ಒಗೆದಳು. ಮೂರು ಬಿತ್ತು. ಎರಡನ್ನೂ ಬಿಟ್ಟು ಮುಂದೆ ಹೋದಳು.

"ನಿಲ್ಲು, ನಿಲ್ಲವಾ! ಎರಡು ಬೀಜಕ್ಕ ಒಂದಽ ಸಲ ಯಾಕ ಒಗದಿ?"

"ಮತ್ತ? ಜೋಡಿ ಅಲ್ಲೇನು ಅದು?"

"ಒಂದೊಂದಕ್ಕ ಬ್ಯಾರೆ ಬ್ಯಾರೆ ಒಗಿ ಅಂದಿದ್ದಿಲ್ಲೇನು ನಾ?"

"ಒಂಟಿಗೆ ಬ್ಯಾರೆ ಬ್ಯಾರೆ. ಜೋಡಿಗೆ ಒಂದಽ ಕವಡಿ. ನಮ್ಮವ್ವನ ಕಾಲದಿಂದ ಹಿಂಗಽ ಐತಿ. ಎಂ.ಎಸ್ಸಿ. ಮಾಡಿದವರ ಮನ್ಯಾಗ ಜೋಡಿ ಬ್ಯಾರೆ ತರಾ ನಡೀತೈತೇನು?"

"ಎಲ್ಲಾ ದಿನಾನೂ ಹಿಂಗಽ ಒಗದೀಯೇನು?"

"ದಿನಕ್ಕೊಂದು ಹೊಸಾ ಆಟ ಆಡಾಕ ನನಗೇನು ಹುಚ್ಚು ಹಿಡದೈತಿ?"

ಇಷ್ಟು ದಿನದ ಕೆಲಸ ಹಾಳಾಯಿತು, ಈಗ ಅಕ್ಕ ಸಿಟ್ಟಾಗುತ್ತಾಳೆ ಎಂದುಕೊಂಡೆ ನಾನು. ಅವಳು ಬೀಜಗಳ ಕಡೆಗೆ ಬಗ್ಗಿದಳು. ಅವ್ವನ ಸಾಲನ್ನೇ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ, "ಜೋಡಿಯೊಳಗ ಎರಡೂ ಒಡದು ನಾಲ್ಕಾದ್ರ ಏನು ಮಾಡ್ತಿ?" ಎಂದು ಕೇಳಿದಳು.

"ನಾಲ್ಕಾದ್ರ ಎರಡು ಜೋಡಿ. ನಾಲ್ಕಕ್ಕೂ ಕೂಡೇ ಗಂಟು ಹಾಕಾಕ ಬರತೈತೇನು?"

ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದು ಅವ್ವ ಗಾಬರಿಯಾಗಿ, "ಆತು ಬಿಡವಾ, ಮತ್ತ ಒಗೀತೇನಿ" ಎಂದಳು. ಕೈ ತೆಗೆದಾಗ ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು.

ನನ್ನ ಭುಜ ಹಿಡಿದು ಅಲುಗಾಡಿಸಿ ಹೇಳಿದಳು. ಬರೇ ಆಕಸ್ಮಿಕ ಅಂದರೆ ನಾನು ಒಗೆದದ್ದು. ಅದರಲ್ಲಿ ಜೋಡಿ ಕಡಿಮೆ. ಒಂದೇ ಕೋಶದಿಂದ ಬಂದ ಇಬ್ಬರು ಕೂಡಿ ನಡೆಯುತ್ತಾರೆ ಅನ್ನುವುದಾದರೆ ಬೇರು ಹೇಗೆ ಕಾಣಬೇಕೋ, ಅದು ಅವ್ವ ಒಗೆದದ್ದು. ಸ್ಲೈಡಿನ ಬೇರು ಅವ್ವನ ಸಾಲಿನ ಹಾಗಿದೆ, ನನ್ನ ಸಾಲಿನ ಹಾಗಿಲ್ಲ.

"ಮತ್ತ ನಾ ತಪ್ಪು ಒಗದೇನೋ, ಸರಿ ಒಗದೇನೋ?" ಎಂದಳು ಅವ್ವ.

"ತಪ್ಪು ಒಗದೀ ಅವ್ವಾ. ಭಾಳ ಛಲೋ ತಪ್ಪು."

ಪ್ರೊಫೆಸರರು ಎಲ್ಲ ಕೇಳಿ, ತಕ್ಷಣ ಹೂಂ ಅನ್ನಲಿಲ್ಲ. ಮೊದಲಿನದ್ದೆಲ್ಲ ಬಿಟ್ಟು ಹೊಸದಾಗಿ ಒಗೆಯಲು ಹೇಳಿದರು, ಈ ಸಲ ಅಕ್ಕ ಎದುರಿಗೇ ಕೂತಿರಬೇಕು, ಎರಡು ರೀತಿಯೂ ಒಬ್ಬರ ಕೈಯಿಂದಲೇ ಆಗಬೇಕು. ಮಳೆಗಾಲ ಹಿಡಿಯುವವರೆಗೆ ಅದೇ ನಡೆಯಿತು. ಮನೆಯಲ್ಲಿ ಎರಡು ರೀತಿಗೆ ಹೆಸರೂ ಬಿತ್ತು: ತಂಗಿಯ ಲೆಕ್ಕ, ಅವ್ವನ ಲೆಕ್ಕ. ಅಪ್ಪ ಕೆಲಸದಿಂದ ಬಂದವರು ಕೈಕಾಲು ತೊಳೆಯುವ ಮೊದಲೇ, "ಇವತ್ತು ಯಾರದು?" ಎಂದು ಕೇಳುವರು. ಕಿಟಕಿಯಲ್ಲಿ ಲೋಟಗಳು ಮತ್ತೆ ಬಂದು ಕೂತವು.

ಕೊನೆಗೆ ಅಕ್ಕ ಎಲ್ಲವನ್ನೂ ತೆಗೆದುಕೊಂಡು ಧಾರವಾಡಕ್ಕೆ ಹೋದ ದಿನ ನಾನೂ ಅವ್ವನೂ ಬಾಗಿಲಲ್ಲೇ ಕೂತಿದ್ದೆವು. ಸಂಜೆ ಓಣಿಯ ತುದಿಯಲ್ಲಿ ಕಂಡಳು. ದೂರದಿಂದಲೇ ಎರಡು ಬೆರಳು ಜೋಡಿಸಿ ಎತ್ತಿ ತೋರಿಸಿದಳು. ಅವ್ವ ಎದ್ದು ಒಳಗೆ ಹೋಗಿ ಸಕ್ಕರೆ ತಂದಳು.

"ಒಪ್ಪಿದ್ರು" ಎಂದಳು ಅಕ್ಕ, ಬಾಯಲ್ಲಿ ಸಕ್ಕರೆ ಇಟ್ಟುಕೊಂಡೇ. "ಒಪ್ಪಿ ಮತ್ತೊಂದು ಪ್ರಶ್ನೆ ಹಾಕಿ ಕಳಸ್ಯಾರ. ಜೋಡಿ ಎಷ್ಟು ದಿನ ಜೋಡಿಯಾಗಿ ಉಳೀತೈತಿ ಅಂತ."

ಆ ಪ್ರಶ್ನೆಯ ಹಿಂದೆ ಅವಳು ಎಷ್ಟೋ ವರ್ಷ ಹೋದಳು. ನನ್ನ ಮದುವೆಯಾಗಿ, ಅವಳ ಮದುವೆಯಾಗಿ, ಅಪ್ಪ ಅವ್ವ ಹೋದ ಮೇಲೆ, ಒಮ್ಮೆ ನಾನೇ ಕೇಳಿದ್ದೆ, ಉತ್ತರ ಸಿಕ್ಕಿತೇನು ಎಂದು.

"ಒಂದೆರಡು ಸಲ ಕೂಡಿ ನಡೀತಾವು" ಎಂದಿದ್ದಳು. "ಆಮ್ಯಾಲ ಒಂದೊಂದೂ ತನ್ನ ವ್ಯಾಳ್ಯಾ ತಾ ನೋಡಿಕೊಳ್ತೈತಿ. ಒಂದು ಮುಂದ ಹೋದ್ರ ಇನ್ನೊಂದು ಹಿಂದ. ಆದ್ರೂ ಬೇರು ಬೆಳಿಯೂದು ನಿಲ್ಲೂದಿಲ್ಲ ನೋಡು."

ಅವತ್ತು ಇದು ಉಳ್ಳಾಗಡ್ಡಿಯ ಮಾತು ಎಂದು ಕೇಳಿ ಬಿಟ್ಟಿದ್ದೆ. ಈಗ ನಾನು ಹಿಂದೆ ಉಳಿದವಳು. ಬೆಳಗ್ಗೆ ಎದ್ದಾಗ ಆ ಮಾತು ನೆನಪಾಗುತ್ತದೆ, ಎದ್ದು ಒಲೆ ಹಚ್ಚುತ್ತೇನೆ.

ಅವಳ ಮಗಳು ರಜೆಗೆ ಬರುತ್ತೇನೆ ಎಂದಿದ್ದಾಳೆ. ಕಿಟಕಿಯಲ್ಲಿ ಒಂದು ಲೋಟದ ಮೇಲೆ ಉಳ್ಳಾಗಡ್ಡಿ ಕೂಡ್ರಿಸಿದ್ದೇನೆ. ನಿನ್ನೆಯಿಂದ ಬೇರು ಇಳಿಯುತ್ತಿದೆ. ಹುಣಸೆಬೀಜ ತೊಳೆದು ಒಣಗಿಸಿದ್ದಾಗಿದೆ. ಗುಲಗಂಜಿಯನ್ನು ಎಲ್ಲಿಂದ ತರುವುದೋ ನೋಡಬೇಕು. ಅವಳು ಬಂದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಮೊದಲು ಆಟ ಕಲಿಸುತ್ತೇನೆ. ಜೋಡಿಯ ಮಾತು ಬಂದಾಗ, ಎರಡಕ್ಕೂ ಒಂದೇ ಕವಡಿ ಯಾಕೆ ಎಂದು ಅವಳೇ ಕೇಳುತ್ತಾಳೆ.