ಕಾರಿನ ಅಣ್ಣ

ಈಚೆಗೆ ಕಲಬುರಗಿಯಲ್ಲಿ ನಂಟರ ಮದುವೆಗೆ ಹೋಗಿದ್ದೆ. ಕಲ್ಯಾಣ ಮಂಟಪದ ಬಾಗಿಲಲ್ಲಿ ಒಂದು ಹಳೆಯ ಕಾರು ನಿಂತಿತ್ತು. ಮದುಮಗನ ಮೆರವಣಿಗೆಗೆಂದು ಎಲ್ಲಿಂದಲೋ ಬಾಡಿಗೆಗೆ ತರಿಸಿದ್ದರಂತೆ. ಫಳಫಳ ಒರೆಸಿ, ಗುಲಾಬಿ ಹಾರ ಹಾಕಿ... ಹುಡುಗಿಯರೆಲ್ಲ ಅದಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನೂ ಹತ್ತಿರ ಹೋದೆ. ಬಿಸಿ ಇಂಜಿನ್ನಿನ ಎಣ್ಣೆವಾಸನೆ ಹೂವಿನ ವಾಸನೆಯೊಂದಿಗೆ ಬೆರೆತು ಮೂಗಿಗೆ ಬಡಿಯಿತು. ಬಾನೆಟ್ಟಿನ ಮೇಲೆ ಕಂಪನಿಯ ಹೆಸರಿನ ಬಿಲ್ಲೆ. ಆ ಅಕ್ಷರಗಳನ್ನು ನಾನು ಮೊದಲು ಕಂಡದ್ದು ಕಾರಿನ ಮೇಲಲ್ಲ, ಆಳಂದದ ನಮ್ಮ ಓಣಿಯಲ್ಲಿ, ಒಂದು ಲಾರಿಯ ಮೂತಿಯ ಮೇಲೆ.

ಲಾರಿ ನಮ್ಮ ಪಕ್ಕದ ಮನೆಯವನದು. ಊರಿಗೆಲ್ಲ ಅವನು ಲಾರಿ ಕಾಕಾ; ನಮ್ಮಪ್ಪನನ್ನು ಅವನು ಅಣ್ಣ ಎಂದೇ ಕರೆಯುತ್ತಿದ್ದ. ಗಾಡಿ ಅವನದೇ, ಓಡಿಸುವವನೂ ಅವನೇ. ಸರಸಂಬಾ ಕಡೆಯಿಂದ ತೊಗರಿ ಹೇರಿಕೊಂಡು ಕಲಬುರಗಿಯ ಅಡತಿ ಅಂಗಡಿಗಳಿಗೆ ಹೋಗುತ್ತಿದ್ದ. ಮದುವೆಯ ದಿನಗಳು ಬಂದರೆ ದಿಬ್ಬಣ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ದಿಬ್ಬಣವೆಂದರೆ ಲಾರಿಯೇ. ಹಿಂದೆ ಜಮಖಾನ ಹಾಸಿ ಬಂಧುಬಳಗ, ಮುಂದೆ ಡ್ರೈವರನ ಪಕ್ಕದಲ್ಲಿ ಮದುಮಗಳು.

ಬೇರೆ ಲಾರಿಯವರು ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಕಾರು ಮಾಡುವವರ ಹತ್ತಿರ ಲಾರಿ ಕೊಂಡ ಜಾಣ ಇವನು ಎಂದು. ಅವರ ಲಾರಿಗಳು ಚಪ್ಪಟೆ ಮುಖದವು, ಇವನದು ಮೂಗು ಮುಂದೆ ಚಾಚಿದ್ದು. ಆ ಕಂಪನಿ ಲಾರಿ ಮಾಡುತ್ತದೆ ಎಂಬುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು ತನ್ನ ಗಾಡಿಯ ಕುಲಗೋತ್ರ ಬಿಡಿಸುತ್ತಿದ್ದ.

“ಮೊದಲ ಹೊರದೇಶದವರ ಹೆಸರ ಹಚ್ಚಿ ಮಾಡಿದ್ರು. ಆಮ್ಯಾಲ ಆ ಹೆಸರ ಕಿತ್ತಿ ತಮ್ಮ ಹೆಸರ ಬಡದ್ರು. ಲಾರಿ ಅದೇ, ಬಿಲ್ಲೆ ಬ್ಯಾರೆ. ಕಾರು ಅಂದ್ರ ತಮ್ಮ, ಇದು ಅಣ್ಣ. ಅಣ್ಣ ದುಡೀತಾನ, ತಮ್ಮ ಮೆರೀತಾನ.”

ತಮ್ಮ ಮೆರೆದದ್ದು ನಿಜ. ಪಟ್ಟಣದ ಸಾಹುಕಾರರು ಆ ಕಾರಿಗಾಗಿ ವರ್ಷಗಟ್ಟಲೆ ಕಾದು ಕೂರುತ್ತಿದ್ದರು. ಲಾರಿಯನ್ನು ಕೇಳುವವರೇ ಇಲ್ಲವಾದರು. ಬರಬರುತ್ತ ಬಿಡಿಭಾಗಗಳು ಸಿಗದಂತಾದವು. ಕಾಕಾ ಸೊಲ್ಲಾಪುರದ ಗುಜರಿ ಬಜಾರಿನಲ್ಲಿ ತನ್ನ ಗಾಡಿಯಂಥವೇ ಸತ್ತ ಲಾರಿಗಳನ್ನು ಹುಡುಕಿ, ಅವುಗಳಿಂದ ಕಿತ್ತು ತಂದು ಇದನ್ನು ಬದುಕಿಸುತ್ತಿದ್ದ. ನಾನು ಚಿಕ್ಕವಳಿದ್ದಾಗಿನಿಂದ ಅವನ ಮಾತು ಒಂದೇ: “ತಂಗಿ, ನಿನ್ನ ದಿಬ್ಬಣ ನನ್ನ ಗಾಡ್ಯಾಗೇ. ಅಲ್ಲೀ ತನಕ ಇದನ್ನ ಸಾಯಾಕ ಬಿಡಂಗಿಲ್ಲ.”

ಜೇವರ್ಗಿಯ ಹುಡುಗನೊಂದಿಗೆ ನನ್ನ ಮದುವೆ ಗೊತ್ತಾದ ಮೇಲೆ ಅಪ್ಪ ಕಾಯಿಲೆ ಬಿದ್ದ. ಸೊಲ್ಲಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡ. ದೊಡ್ಡಪ್ಪ ಬೆಳಿಗ್ಗೆಯಿಂದ ಗಾಡಿಗಾಗಿ ಅಲೆದರು. ಯಾರೂ ಒಪ್ಪಲಿಲ್ಲ. ಹೆಣ ಹೇರಿದ ಗಾಡಿಯನ್ನು ಮುಂದೆ ಯಾರೂ ದಿಬ್ಬಣಕ್ಕೆ ಕರೆಯುವುದಿಲ್ಲವೆಂದು ನಮ್ಮ ಕಡೆಯ ಎಲ್ಲ ಲಾರಿಯವರಿಗೂ ಗೊತ್ತು. ಕಾಕಾನಿಗೂ ಗೊತ್ತಿತ್ತು. ಏನೋ ಸಾಮಾನಿಗಾಗಿ ಗುಜರಿ ಬಜಾರಿಗೆ ಬಂದಿದ್ದವನು ಸುದ್ದಿ ತಿಳಿದು ನೆಟ್ಟಗೆ ಆಸ್ಪತ್ರೆಗೆ ಬಂದ. ದಿಬ್ಬಣಕ್ಕೆ ಹಾಸುವ ಜಮಖಾನವನ್ನೇ ಲಾರಿಯಲ್ಲಿ ಹಾಸಿದ. “ಸ್ವಲ್ಪ ವಿಚಾರ ಮಾಡು,” ಎಂದರು ದೊಡ್ಡಪ್ಪ.

“ಏನ್ ವಿಚಾರ್ರಿ? ಅಣ್ಣನ್ನ ಮನಿಗಿ ಒಯ್ಯೂದದ. ಎತ್ರಿ.”

ಅವ್ವ ಹಿಂದೆ ಅಪ್ಪನ ತಲೆಯ ಹತ್ತಿರ ಕೂತಳು. ನಾನು, ದೊಡ್ಡಪ್ಪ ಮುಂದೆ. ಅಕ್ಕಲಕೋಟೆ ದಾಟುವಷ್ಟರಲ್ಲಿ ನನಗೆ ವಾಂತಿ. ಕಾಕಾ ಗಾಡಿ ನಿಲ್ಲಿಸಿ ನೀರು ಕೊಟ್ಟ. ದೊಡ್ಡಪ್ಪನನ್ನು ಈಚೆ ಸರಿಸಿ ನನ್ನನ್ನು ಅಂಚಿಗೆ ಕೂರಿಸಿದ. “ಕಿಡಕಿ ಕಡಿ ಕುಂದ್ರು ತಂಗಿ. ಗಾಳಿ ಬಡದ್ರ ಹೊಟ್ಟಿ ತೊಳಸಂಗಿಲ್ಲ.” ದಾರಿಯುದ್ದಕ್ಕೂ ಅವನು ಆಡಿದ ಮಾತು ಅಷ್ಟೇ.

ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಯಾರೋ ಹೆಂಗಸರು ಮೈಲಿಗೆಯ ಮಾತು ತೆಗೆದರು. ದೊಡ್ಡಪ್ಪ ಗದರಿದರು, “ಲಿಂಗ ಕಟ್ಟಿದವರಿಗಿ ಎಲ್ಲೀದು ಸೂತಕ?” ಕೇಳಿ ನನಗೆ ಹೆಮ್ಮೆಯಾಗಿತ್ತು. ಕಾಕಾನೂ ನಮ್ಮ ಹಾಗೆ ಲಿಂಗ ಕಟ್ಟಿದವನೇ; ಆ ಮಾತಿಗೆ ತಲೆದೂಗಿದ್ದ.

ಆದರೆ ಆ ಸಲದ ಮದುವೆಗಳಿಗೆ ಅವನ ಲಾರಿಯನ್ನು ಒಬ್ಬರೂ ಕರೆಯಲಿಲ್ಲ. ಅವನು ಬೇಸರ ಪಟ್ಟುಕೊಳ್ಳಲಿಲ್ಲ. ಯಾರು ಕರೆಯದಿದ್ದರೂ ಈ ಒಂದು ಮನೆಯವರು ಕರೆಯುತ್ತಾರೆಂದು ನಂಬಿದ್ದ. ಗಾಡಿಗೆ ಬಣ್ಣ ಹೊಡೆಸುತ್ತಿದ್ದ.

ಮದುವೆ ವರ್ಷದೊಳಗೇ ಆಗಬೇಕೆಂದು ತೀರ್ಮಾನವಾಯಿತು. ದೊಡ್ಡಪ್ಪ ಒಂದು ಸಂಜೆ ಅವ್ವನಿಗೆ ಹೇಳಿದರು: “ಬ್ಯಾರೆ ಗಾಡಿಗಿ ಹೇಳೇನಿ. ಹೆಣ ಹೇರಿದ ಗಾಡ್ಯಾಗ ಹುಡುಗಿ ಬಂದಾಳ ಅಂತ ಬೀಗರ ಓಣ್ಯಾಗ ಆಡ್ಕೊಂಡ್ರ ಏನ್ ಮಾಡೂದು?”

“ಅಂವಗ ಯಾರ ಹೇಳ್ತಾರ್ರಿ?” ಎಂದಳು ಅವ್ವ.

“ನಾ ಹೇಳ್ತೇನಿ.”

ಹೇಳಲಿಲ್ಲ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂದು ದೊಡ್ಡಪ್ಪನನ್ನು ಬೈದು ನಾನು ಪಾರಾಗಬಹುದು. ಅವ್ವನೂ ಹೇಳಲಿಲ್ಲ. ದಿನಾ ಮಜ್ಜಿಗೆ ಕೊಡಲು ಅವನ ಮನೆಗೆ ಹೋಗುತ್ತಿದ್ದವಳು ನಾನು, ನಾನೂ ಹೇಳಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಬೇರೆ ಗಾಡಿ ಎಂದು ಕೇಳಿದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಜಮಖಾನ ಕಣ್ಣಿಗೆ ಕಟ್ಟುತ್ತಿತ್ತು...

ಹೊರಡುವ ದಿನ ಬೆಳಿಗ್ಗೆ ಬಾಗಿಲ ಮುಂದೆ ಕಾಕಾನ ಲಾರಿ ನಿಂತಿತ್ತು. ಹಸಿ ಬಣ್ಣದ ವಾಸನೆ, ಮೂತಿಗೆ ವಿಭೂತಿ, ಬಿಲ್ಲೆಯ ಸುತ್ತ ಮಾವಿನೆಲೆಯ ತೋರಣ. ಒಳಗೆ ಹೊಚ್ಚ ಹೊಸ ಜಮಖಾನ. ಅವನು ಹೊಸ ರುಮಾಲು ಸುತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ನಾನು ಬಾಸಿಂಗ ಕಟ್ಟಿಸಿಕೊಳ್ಳುತ್ತ ಕಿಟಕಿಯಿಂದ ನೋಡಿದೆ. ಅಷ್ಟರಲ್ಲಿ ಇನ್ನೊಂದು ಲಾರಿ ಹಾರ್ನ್ ಹೊಡೆಯುತ್ತ ಓಣಿಗೆ ಬಂತು.

ದೊಡ್ಡಪ್ಪ ಹೊರಗೆ ಹೋದರು. “ಬೀಗರೇ ಕಳ್ಸ್ಯಾರ,” ಎಂದರು. ಶುದ್ಧ ಸುಳ್ಳು. ಆ ಡ್ರೈವರ್ ನಮ್ಮೂರಿನವನೇ, ಕಾಕಾ ಅವನನ್ನು ದಿನಾ ನೋಡುವವನು. ಕಾಕಾ ಆ ಲಾರಿಯನ್ನು ನೋಡಿದ, ದೊಡ್ಡಪ್ಪನನ್ನು ನೋಡಿದ. ಜಗಳ ತೆಗೆಯುತ್ತಾನೆಂದು ನಾನು ಕಾದೆ. ತೆಗೆದಿದ್ದರೆ ಎಷ್ಟು ಹಗುರಾಗುತ್ತಿತ್ತೋ. ಅವನು ತನ್ನ ಗಾಡಿಯ ತೋರಣ ಬಿಚ್ಚಿದ. ಒಯ್ದು ಆ ಲಾರಿಯ ಮುಂದೆ ತಾನೇ ಕಟ್ಟಿದ.

“ದಿಬ್ಬಣದ ಗಾಡಿ, ಬೋಳ ಹೋಗಬಾರ್ದ್ರಿ,” ಎಂದ.

ನಾನು ಹತ್ತುವಾಗ ಹತ್ತಿರ ಬಂದ. ನಾನು ತಲೆ ಎತ್ತಲಿಲ್ಲ. ಮದುಮಗಳಲ್ಲವೇ, ತಲೆ ತಗ್ಗಿಸಿದರೆ ಯಾರೂ ಏನೂ ಅನ್ನುವುದಿಲ್ಲ. “ಕಿಡಕಿ ಕಡಿ ಕುಂದ್ರು ತಂಗಿ,” ಎಂದ. ನಾನು ಹಾಗೆಯೇ ಕೂತೆ.

ಮುಂದಿನ ಪಂಚಮಿಗೆ ತವರಿಗೆ ಬಂದಾಗ ಲಾರಿ ಬೇವಿನ ಮರದ ಕೆಳಗೆ ಗಾಲಿಗಳಿಲ್ಲದೆ ಕೂತಿತ್ತು. ಕಾಕಾ ಬೇರೆಯವರ ಲಾರಿ ಓಡಿಸುತ್ತಿದ್ದ. ಕಂಡರೆ ಗಂಡನ ಮನೆಯ ಕ್ಷೇಮ ಕೇಳುತ್ತಿದ್ದ, ಆ ಬೆಳಗಿನ ಸುದ್ದಿ ಎಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇನ್ನೊಂದು ಸಲ ಬಂದಾಗ ಹೇಳೋಣ, ಮುಂದಿನ ಹಬ್ಬಕ್ಕೆ ಹೇಳೋಣ... ಅವನು ಹೋದ ಸುದ್ದಿ ಜೇವರ್ಗಿಗೆ ಬಹಳ ತಡವಾಗಿ ಬಂತು. ಲಾರಿಯನ್ನು ಗುಜರಿಯವರು ಕಡಿದು ಒಯ್ದಿದ್ದರು. ಕೊನೆಗೆ ಆ ಕಂಪನಿಯ ಕಾರುಗಳು ಬರುವುದೂ ನಿಂತಿತು.

ಮಂಟಪದ ಬಾಗಿಲಲ್ಲಿ ಕಾರು ಒರೆಸುತ್ತಿದ್ದ ಡ್ರೈವರ್ ಹುಡುಗನಿಗೆ, “ಈ ಕಂಪನಿಯವರು ಲಾರೀನೂ ಮಾಡ್ತಿದ್ರಪಾ,” ಎಂದೆ.

“ಇಲ್ರಿ ಅಮ್ಮಾ, ಬರೇ ಕಾರು.”

“ಮಾಡ್ಯಾರ. ನಾ ಅದ್ರಾಗ ಕುಂತೇನಿ.”

ಅವನು ಬಟ್ಟೆ ಹಿಡಿದ ಕೈ ನಿಲ್ಲಿಸಿ ನಕ್ಕ. “ಹೌದೇನ್ರಿ? ನಿಮ್ಮ ಮದಿವ್ಯಾಗೇನು?”

ನಾನು ಬಿಲ್ಲೆಯನ್ನು ನೋಡಿದೆ.

“ಹೌದಪಾ,” ಎಂದೆ. “ನನ್ನ ಮದಿವ್ಯಾಗ. ಕಿಡಕಿ ಕಡಿ ಕುಂತಿದ್ದೆ.”

ಹುಡುಗ ನಂಬಿದ. ನಾನು ಅಲ್ಲಿ ನಿಲ್ಲಲಾರದೆ ಒಳಗೆ ಬಂದೆ.